ಗಣಿಯೊಳಗಿನ ಆಕಾಶ

ಕೋಲಾರದ ಹೆಸರೆತ್ತಿದೊಡನೆ ಚಿನ್ನದ ನೆನಪಾಗುವುದು ಸಹಜ. ಅಲ್ಲಿಯ ಗಣಿಯಿಂದ ಚಿನ್ನವಲ್ಲದೆ ಜ್ಞಾನವೂ ಹೊರಬಂದಿತೆಂಬುದನ್ನು ನಾವು ಓದಿದ ಪಠ್ಯಪುಸ್ತಕಗಳು ನಮಗೆ ತಿಳಿಸಲಿಲ್ಲ.

ಕೊಲಾಬಾದ ಕಡಲಂಚಿನಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು, ನಮ್ಮಲ್ಲಿ ಅನೇಕರ ಮನೆತನಗಳಂತೆಯೇ, ಕನ್ನಡನಾಡಿನಿಂದ ಇಲ್ಲಿಗೆ ಬಂದುದು. 1945ರ ಜೂನ್ ತಿಂಗಳಲ್ಲಿ ಹೋಮಿ ಭಾಭಾ ಅವರು ಅದನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಅದೇ ಡಿಸೆಂಬರಿನಲ್ಲಿ ಅದು ಮುಂಬಯಿಯ ಪೆಡ್ಡರ್ ರಸ್ತೆಗೆ ಬಂದಿತು. 1948ರಲ್ಲಿ ಅದನ್ನು ಸೇರಿದ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರನ್ನು ಭಾಭಾ ಅವರು ಕೋಲಾರದ ಗಣಿಗೆ ಕಳುಹಿಸಿದರು. ಆಕಾಶದ ಕಣಗಳನ್ನರಿಯಲು ಪಾತಾಳಕ್ಕಿಳಿಯುವುದೇ ಎಂದು ನೀವು ನಕ್ಕೀರಿ.

ಕಾರಣವಿಷ್ಟೆ. ವಿಶ್ವಕಿರಣಗಳು ವಾಯುಮಂಡಲವನ್ನು ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ಭೂಮಿಗಿಳಿಯುತ್ತವೆ. ಬಂಡೆಯು ಅವುಗಳನ್ನು ತಡೆಯುತ್ತದೆ. 2 ಕಿಲೊಮೀಟರಿಗೂ ಮಿಗಿಲಾದ ಆಳದಲ್ಲಿ ನೇರ ಮೇಲಿನಿಂದ ಕೆಲವು ಮಾತ್ರ ತಲುಪಿಯಾವು. ಅಡ್ಡಲಾಗಿ ಬರಬೇಕಾದರೆ ಇನ್ನೂ ಎಷ್ಟೋ ಪಾಲು ಹೆಚ್ಚು ಬಂಡೆಯನ್ನು ಹಾಯಬೇಕಾದುದರಿಂದ ಒಂದೂ ತಲುಪಲಾರದು. ಆದರೂ 1965ರಲ್ಲಿ ಅಡ್ಡಲಾಗಿ ಬಂದ ಮ್ಯೂಆನುಗಳು ಅಲ್ಲಿಯ ಉಪಕರಣಗಳಲ್ಲಿ ಗುರುತು ಮೂಡಿಸಿದುವು. ಹಾಗಾದರೆ ಅವು ಅಲ್ಲಿಯೇ, ಸಮೀಪದ ಬಂಡೆಯಲ್ಲಿಯೇ ಹುಟ್ಟಿರಬೇಕು. ಹುಟ್ಟಿಸಿದುದು ಎಲ್ಲವನ್ನೂ ತೂರಿಹೋಗುವ ನ್ಯೂಟ್ರಿನೊ ಆಗಿರಬೇಕು. ನ್ಯೂಟ್ರಿನೊವನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ತರ್ಕವನ್ನು ನಮ್ಮ ಹಿರಿಯರೂ ಬಲ್ಲವರಾಗಿದ್ದರು. ಆದರೆ ಬೇರೆ ಕಾರಣ ಯಾವುದೂ ಇರಲಾರದೆಂದು ತೋರಿಸಲು ಇಲ್ಲಿ ಒಂದು ಗಣಿಯೇ ಬೇಕಾಯಿತು!

ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನೆಸ್ ಅವರ ತಂಡವೂ ಇದನ್ನೇ ಕಂಡಿತು. ಗುರುತು ಮೊದಲು ದೊರೆತುದು ಅವರಿಗೆ, ಮೊದಲು ಪ್ರಕಟಿಸಿದವರು ಜಪಾನು, ಇಂಗ್ಲೆಂಡುಗಳ ಸಂಗಡಿಗರಿದ್ದ ಕೋಲಾರದವರು. ಮೊದಲಿಗರಾರು? ಸೂತ್ರವೊಂದನ್ನು ಕಂಠಪಾಠ ಮಾಡುವುದಕ್ಕಿಂತ ಈ ಪ್ರಶ್ನೆಯನ್ನು ಕುರಿತು ಜಗಳವಾಡುವುದು ಮೇಲೆಂದು ನಾವು ಭಾವಿಸುತ್ತೇವೆ.

ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದು, ತರುವಾಯ ಬೆಂಗಳೂರಿನಲ್ಲಿ ವಿಜ್ಞಾನದ ತತ್ತ್ವಗಳನ್ನು ಕುರಿತು ಚಿಂತಿಸುತ್ತ ಬಾಳಿ, 2019ರಲ್ಲಿ ತೀರಿಕೊಂಡರು. 1972ರಲ್ಲಿ ಕೊಲಾಬಾಕ್ಕೆ ಬಂದ ಜಯಂತ ನಾರಳೀಕರರು ವಿಶ್ವವು ಮಹಾಸ್ಫೋಟದಿಂದ ಹುಟ್ಟಿತೆಂಬ ಮತವನ್ನು ಒಪ್ಪಲಿಲ್ಲ. ಬಹುಮಂದಿ ಒಪ್ಪಿದರೂ ಒಪ್ಪಲಿಲ್ಲ. ಅವರು ಮರಾಠಿಯಲ್ಲಿ ಕಥೆಗಳನ್ನೂ ಬರೆದರು. ಮರಾಠಿಯ ಮಕ್ಕಳಿಗೆ ದೊರೆತ ಆ ಭಾಗ್ಯವು ಈ ನಗರದ ಕನ್ನಡ ಮಕ್ಕಳಿಗೂ ದೊರೆಯಬೇಡವೇ?

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಾವು, ಮುಂದೆ ಆಂಗ್ಲ ಪದಗಳಿಗೆ ಬೆದರಿ ವಿಜ್ಞಾನವನ್ನೇ ತೊರೆದೆವು. ಅಡ್ಡಲಾಗಿ ಬಂದ ಕಣದ ಕಥೆಯನ್ನು ಆಗ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಬೆದರುತ್ತಿರಲಿಲ್ಲವೇನೋ. ಆದುದರಿಂದ ವಿಜ್ಞಾನದ ಪಾಠದಲ್ಲಿ ತಿಂಗಳಿಗೊಂದು ಗಂಟೆಯನ್ನು ಇಂತಹ ಚರಿತ್ರೆಗೆ ಮೀಸಲಿಡಬೇಕೆಂದು ವಾದಿಸುತ್ತೇವೆ. ಪಠ್ಯಕ್ರಮ ಮುಗಿಯುವುದಿಲ್ಲವೆಂಬ ಸಹೋದ್ಯೋಗಿಗಳ ಆಕ್ಷೇಪ ನಿಜವೇ. ಈಗಲೂ ಅದು ಮುಗಿಯುವುದು ಪರೀಕ್ಷೆಯ ಹಿಂದಿನ ದಿನವೇ ಅಲ್ಲವೇ! ಆ ಒಂದು ಗಂಟೆಯ ಪಾಠಕ್ಕೆ ಮಾತ್ರ ಪರೀಕ್ಷೆ ಇರಕೂಡದು.