ಬೆಂಚಿನ ಲೆಕ್ಕ, ಚಾವಡಿಯ ಮತ

ಚುನಾವಣೆ ಬಂತೆಂದರೆ ನಮ್ಮ ಸೀತಾಂಗೋಳಿ ಪೇಟೆಯಲ್ಲಿ ಮತದಾನಕ್ಕೆ ಮೊದಲೇ ಎಣಿಕೆ ಮುಗಿದಿರುತ್ತದೆ. ಹೋಟೆಲಿನ ಬೆಂಚಿನಲ್ಲಿ ಕುಳಿತವರೇ ಮತದಾರರು, ಗಂಟಲು ದೊಡ್ಡದಿರುವವನೇ ಚುನಾವಣಾಧಿಕಾರಿ. ನಾವೂ ಅಲ್ಲಿ ಲೆಕ್ಕ ಹೇಳಿದವರೇ ಅನ್ನಿ. ಆದರೆ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ 2016ರ ಸೋಲು ಗೆಲುವಿನ ಅಂತರ ಬರೇ 89 ಮತ, 2021ರಲ್ಲಿ 745. ಆ 89 ಯಾವ ಬೆಂಚಿಗೆ ಕಂಡಿತ್ತು?

ಬೆಂಚಿನ ಲೆಕ್ಕಕ್ಕೆ ಸಿಗದವರು ಮನೆಯ ಚಾವಡಿಯಲ್ಲಿರುವ ಅಜ್ಜ ಅಜ್ಜಿಯಂದಿರು. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ವೃದ್ಧರು ಮತದಾನದ ದಿನಕ್ಕೆ ಮೊದಲೇ ಮನೆಯಲ್ಲೇ ಮತ ಹಾಕಬಹುದು. 2021ರಲ್ಲಿ 80 ವರ್ಷಕ್ಕಿದ್ದ ಈ ಸೌಕರ್ಯವನ್ನು 2024ರಲ್ಲಿ 85ಕ್ಕೆ ಏರಿಸಿದರು. ಅಧಿಸೂಚನೆ ಹೊರಟ 5 ದಿನಗಳೊಳಗೆ 12-ಡಿ ನಮೂನೆ ತುಂಬಿ ಕೊಡಬೇಕು. ಅದು ಮಂಜೂರಾದ ಮೇಲೆ ಮತಗಟ್ಟೆಗೆ ಹೋದರೆ ಮತವಿಲ್ಲ. ಇಷ್ಟೆಲ್ಲವನ್ನು ಮಲಯಾಳ ಓದಲು ಬಾರದ ಅಜ್ಜಿಗೆ ತಿಳಿಸುವವರು ಯಾರು?

ನಮೂನೆ ಕನ್ನಡದಲ್ಲಿ ಕೈಸೇರಬೇಕು. ಮನೆಗೆ ಬರುವ ಅಧಿಕಾರಿಗಳಲ್ಲಿ ಒಬ್ಬರಾದರೂ ಕನ್ನಡ ಬಲ್ಲವರಿರಬೇಕು. ಇಲ್ಲವಾದರೆ ಪಕ್ಕದಲ್ಲಿ ನಿಂತ ಮೊಮ್ಮಗನೇ ಅರ್ಥ ಹೇಳುತ್ತಾ ಚಿಹ್ನೆಯನ್ನೂ ತೋರಿಸಿಬಿಡುತ್ತಾನೆ. ಆಮೇಲೆ ಗುಪ್ತ ಮತದಾನದ ಮಾತೆಲ್ಲಿ? ಬೆಂಚಿನಲ್ಲಿ ಲೆಕ್ಕ ಹಾಕುವ ಎಲ್ಲ ಪಕ್ಷದವರೂ ಒಂದಾಗಿ, ಅಧಿಸೂಚನೆಗೆ ಕಾಯದೆ, ಈ ಬೇಡಿಕೆಯನ್ನು ಜಿಲ್ಲಾಧಿಕಾರಿಗಳಿಗೆ ಮುಟ್ಟಿಸಲಿ.