ಮಗುವಿನ ಮೌನವೂ ಉಪಾಧ್ಯಾಯರ ಕಣ್ಣೂ

ಓಡಿಯಾಡುವ ಮಗು ಬಿದ್ದಾಗ ಪೆಟ್ಟಾಗುವುದು ಸಾಮಾನ್ಯವಾಗಿ ಮೊಣಕಾಲು, ಮೊಣಕೈ, ಹಣೆಗಳಿಗೆ; ಎಂದರೆ, ಚರ್ಮದ ಕೆಳಗೇ ಎಲುಬಿರುವ ಕಡೆಗೆ. ಬೆನ್ನು, ಕಿವಿ, ಕುತ್ತಿಗೆ, ತೊಡೆಯ ಹಿಂಭಾಗಗಳು ಆಟದಲ್ಲಿ ಅಷ್ಟು ಸುಲಭವಾಗಿ ಕಂದುವುದಿಲ್ಲ. ಅಂಥಲ್ಲಿ ಪದೇ ಪದೇ ಬಾಸುಂಡೆ ಕಾಣಿಸಿಕೊಂಡರೆ ‘ಜಾರಿ ಬಿದ್ದೆ’ ಎಂಬ ಮಾತನ್ನು ನಂಬಿ ಸುಮ್ಮನಿರಬಹುದೆ?

ವೈದ್ಯಶಾಸ್ತ್ರವೇ ಬಹುಕಾಲ ಸುಮ್ಮನಿತ್ತು. 1962ರಲ್ಲಿ ಅಮೆರಿಕದ ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪೆಯೂ ಆತನ ಸಂಗಡಿಗರೂ ಪೆಟ್ಟು ತಿಂದ ಮಕ್ಕಳನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಮಾಗಿದ ಮುರಿತ, ಮಾಗುತ್ತಿರುವ ಮುರಿತಗಳೆರಡೂ ಒಂದೇ ಮಗುವಿನ ಎಲುಬುಗಳಲ್ಲಿರುವುದನ್ನು ಕ್ಷ-ಕಿರಣಗಳು ತೋರಿಸಿದರೂ, ಹೆತ್ತವರೇ ಹೀಗೆ ಮಾಡಿಯಾರೆಂದು ನಂಬಲು ಅನೇಕ ವೈದ್ಯರಿಗೆ ಮನಸ್ಸೊಪ್ಪದೆಂದು ಅವರು ತಿಳಿಸಿದರು. ಕೊರತೆಯಿದ್ದದ್ದು ಸಾಕ್ಷ್ಯದಲ್ಲಲ್ಲ, ನೋಡುವ ಧೈರ್ಯದಲ್ಲಿ.

ನಮ್ಮ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂಥ ಹಳ್ಳಿಯಲ್ಲಿ ಈ ಧೈರ್ಯ ಬೇಕಾಗಿರುವುದು ಉಪಾಧ್ಯಾಯರಿಗೆ. ವೈದ್ಯರು ಮಗುವನ್ನು ಕಾಯಿಲೆಯ ದಿನ ನೋಡುತ್ತಾರೆ. ಉಪಾಧ್ಯಾಯರು ದಿನದಿನವೂ ನೋಡುತ್ತಾರೆ. ನಗುತ್ತಿದ್ದ ಮಗು ಮಂಕಾಗುವುದು, ಶಾಲೆ ಬಿಟ್ಟರೂ ಮನೆಗೆ ಹೋಗಲು ಹಿಂಜರಿಯುವುದು, ಕಾರಣ ತಿಳಿಯದ ಹೊಟ್ಟೆನೋವು, ಯಾರದೋ ಹೆಸರೆತ್ತಿದರೆ ಬೆಚ್ಚುವುದು—ಇವುಗಳಲ್ಲಿ ಯಾವೊಂದೂ ತಾನಾಗಿ ಪುರಾವೆಯಲ್ಲ. ಹಸಿವಿನಿಂದಲೂ ಮಗು ಮಂಕಾದೀತು. ಹಲವು ಲಕ್ಷಣಗಳು ಕೂಡಿಬಂದಾಗ ಮಾತ್ರ ಎಚ್ಚರಗೊಳ್ಳಬೇಕು. ಲೈಂಗಿಕ ದೌರ್ಜನ್ಯದಲ್ಲಂತೂ ಮೈಮೇಲೆ ಗುರುತೇ ಇಲ್ಲದಿರುವುದುಂಟು. ಅಲ್ಲಿ ಮಗುವಿನ ಮಾತೇ ಸಾಕ್ಷ್ಯ.

ಮಗು ಬಾಯಿಬಿಟ್ಟಾಗ ಸಮಾಧಾನದಿಂದ ಕೇಳಬೇಕು. ತಪ್ಪು ನಿನ್ನದಲ್ಲವೆಂದು ಹೇಳಬೇಕು. ಅದು ಆಡಿದ ಮಾತುಗಳನ್ನೇ ಬರೆದಿಡಬೇಕು. ಕೆದಕಿ ಕೆದಕಿ ಕೇಳಬಾರದು. ಯಾರಿಗೂ ಹೇಳೆನೆಂದು ಭಾಷೆ ಕೊಡಬಾರದು. ತನಿಖೆ ಉಪಾಧ್ಯಾಯರ ಕೆಲಸವಲ್ಲ, ತಿಳಿಸುವುದು ಅವರ ಕೆಲಸ. ಲೈಂಗಿಕ ಅಪರಾಧ ನಡೆದುದು ತಿಳಿದರೆ, ನಡೆಯಬಹುದೆಂಬ ಶಂಕೆ ಬಂದರೂ ಸಹ, ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. ಬಚ್ಚಿಟ್ಟರೆ ಶಿಕ್ಷೆಯುಂಟು, ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯುಂಟು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಊರಿನಲ್ಲಿ ‘ಹಿರಿಯರು ಕೂಡಿ ಮುಗಿಸಿಬಿಡೋಣ’ ಎಂಬ ಸಲಹೆ ಬಂದೇ ಬರುತ್ತದೆ. ಅದರಿಂದ ಉಳಿಯುವುದು ದೊಡ್ಡವರ ಮರ್ಯಾದೆ. ಮಗುವಿನ ಸಂಕಟ ಹಾಗೆಯೇ ಇರುತ್ತದೆ.

ಆದರೆ ಮಗು ಬಾಯಿಬಿಡುವುದು ಯಾರೊಡನೆ? ಕೇಂದ್ರ ಸರ್ಕಾರವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಹೊರತಂದ ವರದಿಯಲ್ಲಿ, ಶಾಲೆಗೆ ಹೋಗುವವರ ಪೈಕಿ ನೂರಕ್ಕೆ 65 ಮಂದಿ ಶಾಲೆಯಲ್ಲಿ ಪೆಟ್ಟು ತಿಂದುದಾಗಿ ಹೇಳಿದ್ದರು. ದೌರ್ಜನ್ಯಕ್ಕೊಳಗಾದವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಬೇಕೆಂಬುದೇ ನನ್ನ ವಾದ. 2009ರ ಶಿಕ್ಷಣ ಹಕ್ಕು ಕಾಯಿದೆ ಬೆತ್ತವನ್ನು ನಿಷೇಧಿಸಿದೆ. ಆದರೂ ‘ಪೆಟ್ಟಿಲ್ಲದೆ ವಿದ್ಯೆಯಿಲ್ಲ’ ಎನ್ನುವವರು ಇನ್ನೂ ಇದ್ದಾರೆ. ಹೊಡೆಯುವ ಕೈಗೆ ಹೆದರುವ ಮಗು, ಹೊಡೆದವನ ಹೆಸರನ್ನು ಆ ಕೈಯವರಿಗೆ ಹೇಳೀತೆ? ಬೆತ್ತವನ್ನು ಕೆಳಗಿಡದ ಉಪಾಧ್ಯಾಯರಿಗೆ ಮಗುವಿನ ಬೆನ್ನಿನ ಬಾಸುಂಡೆ ಕಂಡರೂ ಅದರ ಕಾರಣ ತಿಳಿಯಲಾರದು.