ಹೆಂಗಸರ ಹಾಡೆಂದರೆ ಅಷ್ಟು ಸದರವೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ನೆಂಟರ ಮದುವೆಗಳಲ್ಲಿ ಹಸೆಯ ಹಾಡು, ಆರತಿ ಹಾಡು ಕೇಳುತ್ತಲೇ ಬೆಳೆದವಳು ನಾನು. ಅವನ್ನು ಕಟ್ಟಿದವರು ಯಾರೆಂದು ನಾನು ಕೇಳಲಿಲ್ಲ, ಹಾಡುವವರೂ ಹೇಳಲಿಲ್ಲ. ‘ಹೆಂಗಸರ ಹಾಡು’ ಎಂದರೆ ಮುಗಿಯಿತು. ಊರಬಾವಿಯ ನೀರಿಗೆ ಒಡೆಯರುಂಟೇ?

ಒಡತಿಯರಿದ್ದರು. ಅವರಲ್ಲೊಬ್ಬಳು ನಮ್ಮ ಪಕ್ಕದ ಹರಪನಹಳ್ಳಿಯ ಭೀಮವ್ವ. 1823ರ ಸುಮಾರಿಗೆ ಹೊಸಪೇಟೆ ಸೀಮೆಯ ನಾರಾಯಣದೇವರ ಕೆರೆಯಲ್ಲಿ ಹುಟ್ಟಿ, ಹರಪನಹಳ್ಳಿಗೆ ಸೊಸೆಯಾಗಿ ಬಂದವಳು. ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಬಿಡಿ ಹಾಡುಗಳನ್ನಷ್ಟೇ ಅಲ್ಲ, ‘ನಳಚರಿತ್ರೆ’, ‘ಸುಭದ್ರಾ ಕಲ್ಯಾಣ’ದಂಥ ದೊಡ್ಡ ಕಥನಗಳನ್ನೂ ಕಟ್ಟಿದಳು. ತೀರಿಕೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆಕೆಯ ತವರೂರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. ಹಾಡು ಮುಳುಗಲಿಲ್ಲ; ಹೆಂಗಸರ ನಾಲಿಗೆ ಅದನ್ನು ಎತ್ತಿ ಹಿಡಿದಿತ್ತು.

ಇಂಥವಳನ್ನು ‘ಮಹಾಭಕ್ತೆ’ ಎಂದು ಕೈಮುಗಿದು ಬದಿಗೆ ಕೂರಿಸುವವರ ಮೇಲೆ ನನ್ನ ತಕರಾರು. ಭಕ್ತೆ ಹೌದು, ಇಲ್ಲವೆಂದವರಾರು? ಆದರೆ ದಾಸರು ಹಾಡಿದರೆ ಸಾಹಿತ್ಯ, ಸಂಗೀತ. ಭೀಮವ್ವ ಹಾಡಿದರೆ ಬರೀ ಭಕ್ತಿಯೇ? ಜೂಜಿನಲ್ಲಿ ಎಲ್ಲ ಕಳೆದುಕೊಂಡ ಗಂಡ ನಡುರಾತ್ರಿ ಕಾಡಿನಲ್ಲಿ ಬಿಟ್ಟುಹೋದ ದಮಯಂತಿಯ ಕಥೆಯನ್ನು ಒಬ್ಬ ಹೆಂಗಸು ಹೆಂಗಸರಿಗಾಗಿ ಹಾಡಾಗಿಸಿದ್ದು ಸಣ್ಣ ಮಾತೇ? ಉದ್ದದ ಕಥೆ ನೆನಪಿನಲ್ಲಿ ನಿಲ್ಲಬೇಕು, ಹತ್ತು ಜನ ಕೂಡಿ ಹಾಡುವಾಗ ದನಿ ಮುರಿಯಬಾರದು, ಓದು ಬಾರದವಳಿಗೂ ನಾಟಬೇಕು. ಇದು ಕಲೆಯಲ್ಲದಿದ್ದರೆ ಯಾವುದು ಕಲೆ?

‘ಅದು ಮಡಿಯವರ ಮನೆಯ ಹಾಡು, ನಮಗೇನು?’ ಎಂದು ಗೆಳತಿಯೊಬ್ಬಳು ಕೇಳಿದಳು. ಮಾತಿನಲ್ಲಿ ಸತ್ಯವಿದೆ. ಆ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಆದರೆ ಅವಳ ಅವ್ವ ಬೀಸುವಾಗ ಹಾಡಿದ ಪದಗಳಿಗೂ ಇದೇ ಗತಿ ಬಂತಲ್ಲ! ಭೀಮವ್ವನಿಗೆ ಹೆಸರಾದರೂ ಉಳಿಯಿತು, ಆ ಅವ್ವಂದಿರಿಗೆ ಅದೂ ಇಲ್ಲ.

ಪಂಡಿತರನ್ನಷ್ಟೇ ಬೈದರೆ ನಾನು ಸುಳ್ಳಿಯಾಗುತ್ತೇನೆ. ನಮ್ಮಜ್ಜಿ ಕೈಬರಹದಲ್ಲಿ ತುಂಬಿಸಿಟ್ಟ ಹಾಡಿನ ಪುಸ್ತಕವೊಂದಿತ್ತು. ಮನೆಗೆ ಸುಣ್ಣ ಬಳಿಸುವಾಗ ಹಳೇ ಪೇಪರಿನ ಜೊತೆ ರದ್ದಿಗೆ ಹಾಕಿದವಳು ನಾನೇ, ಎಂ.ಎ. ಓದಿದವಳು! ಅಜ್ಜಿ ಒಂದು ಮಾತೂ ಆಡಲಿಲ್ಲ. ಅದೇ ಇಂದಿಗೂ ಚುಚ್ಚುತ್ತದೆ.

ಅಕ್ಕತಂಗಿಯರೇ, ನಿಮ್ಮ ಟ್ರಂಕಿನಲ್ಲಿ ಅಂಥದೊಂದು ಪುಸ್ತಕವಿದ್ದರೆ ಇವತ್ತೇ ತೆಗೆಯಿರಿ. ಹಾಡಬಲ್ಲ ಮುದುಕಿ ಇದ್ದರೆ ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಹಾಡಿನ ಕೆಳಗೆ ಕಟ್ಟಿದವಳ ಹೆಸರು ಬರೆಯಿರಿ. ಅದು ತಿಳಿಯದಿದ್ದರೆ ಹಾಡಿದವಳ ಹೆಸರನ್ನಾದರೂ ಬರೆಯಿರಿ.